ಸಂಜೆ ಏಳರ ಅಳು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ವಿದೇಶಕ್ಕೆ ಓದಲು ಹೋದ ಮತ್ತು ಹೊರಟು ನಿಂತ ಮಕ್ಕಳ ಮನೆಯ ಹಂಬಲದ ಬಗ್ಗೆ ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಏಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ವಿದ್ಯಾರ್ಥಿಗಳ ಆಪ್ತಸಮಾಲೋಚನೆ ಮತ್ತು ವಿದೇಶ ವ್ಯಾಸಂಗದ ಮಾರ್ಗದರ್ಶನದಲ್ಲಿ ತೊಡಗಿರುವವರು. ಪತ್ರ ಬರೆದವರ ಹೆಸರು ಬಿಟ್ಟು ಊರಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಮಗಳು ಅಕ್ಟೋಬರ್ ಮೊದಲ ವಾರ ಜರ್ಮನಿಗೆ ಹೋದಳು. ಆರು ವಾರವಾಯಿತು. ದಿನಾ ರಾತ್ರಿ ಹನ್ನೊಂದೂವರೆಗೆ ವಿಡಿಯೋ ಕಾಲ್ ಮಾಡಿ ಅಳುತ್ತಾಳೆ, ಒಂದೂವರೆ ಆದರೂ ಫೋನ್ ಇಡುವುದಿಲ್ಲ. ಬೆಳಗ್ಗೆ ಆರೂಕಾಲಿನ ಲೋಕಲ್ ನನಗೆ ತಪ್ಪುವಂತಿಲ್ಲ. ‘ಆಗದಿದ್ದರೆ ಬಂದುಬಿಡು ಮಗಾ’ ಎಂದರೆ ಇನ್ನೂ ಜೋರಾಗಿ ಅಳುತ್ತಾಳೆ. ಏನು ಮಾಡಲಿ?
— ತಾಯಿ, ಡೊಂಬಿವಲಿ

ಉತ್ತರ: ಮೊದಲು ಗಡಿಯಾರ ನೋಡೋಣ. ನಿಮ್ಮ ಹನ್ನೊಂದೂವರೆ ಎಂದರೆ ಅಲ್ಲಿ ಸಂಜೆ ಏಳು. ಕ್ಲಾಸು ಮುಗಿದಿದೆ. ನವೆಂಬರಿನಲ್ಲಿ ಅಲ್ಲಿ ನಾಲ್ಕೂವರೆ ಹೊತ್ತಿಗೇ ಕತ್ತಲಿಳಿಯುತ್ತದೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡಿದ್ದಾಳೆ, ಹೊಟ್ಟೆ ಹಸಿದಿದೆ. ಡೊಂಬಿವಲಿಯ ಮನೆಯಲ್ಲಾದರೆ ಸಂಜೆ ಏಳಕ್ಕೆ ಕುಕ್ಕರ್ ಸೀಟಿ, ಟಿವಿ, ಪಕ್ಕದ ಮನೆಯವರ ಮಾತು ಎಲ್ಲವೂ ಇರುತ್ತಿತ್ತು. ಮನೆಯ ಹಂಬಲ ದಿನವಿಡೀ ಒಂದೇ ಸಮ ಕಾಡುವುದಿಲ್ಲ, ಹೊತ್ತು ನೋಡಿಕೊಂಡು ಬರುತ್ತದೆ. ಸಂಜೆ, ಭಾನುವಾರ, ಹಬ್ಬದ ದಿನ, ಜ್ವರ ಬಂದ ದಿನ. ಹಾಗಾಗಿ ಅವಳ ಮನಸ್ಸನ್ನು ತಿದ್ದಲು ಹೊರಡುವ ಮೊದಲು ಆ ಹೊತ್ತಿಗೆ ಏನಾದರೂ ವ್ಯವಸ್ಥೆ ಮಾಡುವುದು ಸುಲಭ.

ಇನ್ನೊಂದು ಸಂಗತಿ ಇಲ್ಲಿಂದ ಕಾಣುವುದಿಲ್ಲ. ಏಳರಿಂದ ಒಂಬತ್ತು ಎಂದರೆ ಹಾಸ್ಟೆಲ್ಲಿನ ಸಾಮಾನ್ಯ ಅಡುಗೆಮನೆಯಲ್ಲಿ ಜನ ಸೇರುವ ಹೊತ್ತು. ಪರಿಚಯ ಬೆಳೆಯುವುದು ಅಲ್ಲಿ, ಈರುಳ್ಳಿ ಹೆಚ್ಚುತ್ತಾ. ಆ ಎರಡು ಗಂಟೆ ಅವಳು ನಿಮ್ಮ ಜೊತೆ ಫೋನಿನಲ್ಲಿರುತ್ತಾಳೆ. ಫೋನ್ ಇಟ್ಟಾಗ ಅಡುಗೆಮನೆ ಖಾಲಿ. ಮರುದಿನ ಮಾತಾಡಲು ಯಾರ ಪರಿಚಯವೂ ಇರುವುದಿಲ್ಲ, ಮತ್ತೆ ನಿಮಗೇ ಫೋನ್.

ಇದನ್ನು ಒಮ್ಮೆಲೇ ನಿಲ್ಲಿಸಬೇಡಿ. ಅಮ್ಮ ಕೈಬಿಟ್ಟಳು ಎಂದುಕೊಂಡು ನಡುರಾತ್ರಿಯಲ್ಲಿ ಫೋನ್ ಬರಲು ಶುರುವಾಗುತ್ತದೆ. ಮೊದಲ ವಾರ ರಾತ್ರಿಯ ಮಾತನ್ನು ಅರ್ಧ ಗಂಟೆಗೆ ಇಳಿಸಿ, ಬದಲಿಗೆ ಅವಳ ಬೆಳಗ್ಗೆ ಏಳೂವರೆಗೆ ಹತ್ತು ನಿಮಿಷದ ಕಾಲ್ ಸೇರಿಸಿ. ಅದು ನಿಮಗೆ ಮಧ್ಯಾಹ್ನ ಹನ್ನೆರಡು, ಡಬ್ಬಾ ಬಿಚ್ಚುವ ಹೊತ್ತು. ಬೆಳಗ್ಗೆ ಮಾತಾಡಿದವರು ಸಾಮಾನ್ಯವಾಗಿ ಅಳುವುದಿಲ್ಲ, ಬಸ್ಸು ಹಿಡಿಯುವ ಗಡಿಬಿಡಿ ಇರುತ್ತದೆ. ಎರಡನೆಯ ವಾರ ರಾತ್ರಿಯ ಕಾಲ್ ದಿನ ಬಿಟ್ಟು ದಿನ. ಮೂರನೆಯ ವಾರದಿಂದ ಭಾನುವಾರ ಮಾತ್ರ ಉದ್ದ ಮಾತು, ಉಳಿದ ದಿನ ಬೆಳಗಿನ ಹತ್ತು ನಿಮಿಷ. ಕಾರಣ ಮುಚ್ಚಿಡಬೇಡಿ: ‘ನನಗೆ ನಿದ್ದೆ ಸಾಲುತ್ತಿಲ್ಲ’ ಎಂದೇ ಹೇಳಿ, ಅದು ನಿಜ ತಾನೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಸರಿಯುತ್ತದೆ, ನಾಲ್ಕೂವರೆ ಗಂಟೆಯ ಅಂತರ ಮೂರೂವರೆಯಾಗುತ್ತದೆ. ಅವಳ ಗಡಿಯಾರವನ್ನೇ ಹಿಡಿದು ನಿಮ್ಮ ಸಮಯ ಬದಲಿಸಿಕೊಳ್ಳಿ.

ಅಳುವಾಗ ಮೊದಲ ಐದು ನಿಮಿಷ ಯಾವ ಪರಿಹಾರವನ್ನೂ ಹೇಳಬೇಡಿ. ‘ಅಳು, ಇಲ್ಲೇ ಇದ್ದೇನೆ’ ಎಂದರೆ ಸಾಕು. ಆಮೇಲೆ ‘ಈಗ ಅಡುಗೆಮನೆಯಲ್ಲಿ ಯಾರಿದ್ದಾರೆ, ಹೋಗಿ ನೋಡಿ ಬಾ’ ಎಂದು ಎಬ್ಬಿಸಿ. ‘ಬಂದುಬಿಡು’ ಎಂಬ ಮಾತು ಅವಳ ಕಿವಿಗೆ ‘ನಿನ್ನ ಕೈಲಾಗದು’ ಎಂದು ಬೀಳುತ್ತದೆ, ಅದರ ಹಿಂದೆಯೇ ಎಜುಕೇಷನ್ ಲೋನ್ ನೆನಪಾಗುತ್ತದೆ. ಬದಲಿಗೆ ಒಂದು ದಿನಾಂಕ ಕೊಡಿ: ‘ಫೆಬ್ರವರಿ ಪರೀಕ್ಷೆ ಮುಗಿಯಲಿ, ಕೂತು ಮಾತಾಡೋಣ.’ ಮನೆಯ ಸುದ್ದಿಯನ್ನು ಇದ್ದ ಹಾಗೇ ಹೇಳಿ, ನೀರು ಬಾರದ್ದು, ಲಿಫ್ಟ್ ಕೆಟ್ಟದ್ದು ಎಲ್ಲ. ‘ಎಲ್ಲ ಚೆನ್ನಾಗಿದೆ’ ಎಂದಷ್ಟೇ ಹೇಳುವ ಮನೆಯ ಬಗ್ಗೆ ಮಕ್ಕಳಿಗೆ ಅನುಮಾನ ಬರುತ್ತದೆ.

ಭಾನುವಾರದ ಬಗ್ಗೆ ಒಂದು ಮಾತು. ಜರ್ಮನಿಯಲ್ಲಿ ಅಂದು ಅಂಗಡಿಗಳು ಮುಚ್ಚಿರುತ್ತವೆ, ಬೀದಿ ಖಾಲಿ. ಮುಂಬಯಿಯ ಗದ್ದಲದಲ್ಲಿ ಬೆಳೆದವರಿಗೆ ಆ ಮೌನವೇ ಕಾಯಿಲೆ ಬರಿಸುತ್ತದೆ. ಶನಿವಾರವೇ ದಿನಸಿ ತಂದಿಟ್ಟುಕೊಂಡು, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಹೊರಗೆ ಹೋಗುವ ಒಂದು ಕೆಲಸ ಮೊದಲೇ ಗೊತ್ತುಮಾಡಿಕೊಳ್ಳಲಿ. ಇಬ್ಬರ ಜೊತೆ ಹೋಗುವಂಥದ್ದಾದರೆ ಇನ್ನೂ ಒಳ್ಳೆಯದು, ಒಬ್ಬಳೇ ಮಾಡುವ ಯೋಜನೆ ಹಾಸಿಗೆಯಲ್ಲೇ ರದ್ದಾಗುತ್ತದೆ.

ಈ ಸಂಕಟಕ್ಕೆ ವೈದ್ಯರು ಹೆಸರಿಟ್ಟು ಮುನ್ನೂರು ವರ್ಷ ದಾಟಿದೆ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಗ್ರೀಕಿನ ‘ಮರಳುವಿಕೆ’ ಮತ್ತು ‘ನೋವು’ ಎಂಬ ಎರಡು ಪದ ಜೋಡಿಸಿ ‘ನಾಸ್ಟಾಲ್ಜಿಯಾ’ ಎಂದು ಕರೆದ. ಜರ್ಮನರ ಆಡುಮಾತಿನಲ್ಲಿ ಅದು ‘ಹೈಮ್‌ವೇ’, ಮನೆಯ ನೋವು. ‘ಇಖ್ ಹಾಬೆ ಹೈಮ್‌ವೇ’ ಎಂದು ನಿಮ್ಮ ಮಗಳು ಪಕ್ಕದ ಕೋಣೆಯವಳಿಗೆ ಹೇಳಿದರೆ ಮುಂದೆ ಏನೂ ವಿವರಿಸಬೇಕಾಗಿಲ್ಲ.

ಪ್ರಶ್ನೆ: ಮಗ ಜನವರಿಯಲ್ಲಿ ಇಂಗ್ಲೆಂಡಿಗೆ ಹೊರಡುತ್ತಾನೆ. 23 ಕೆ.ಜಿ.ಯ ಎರಡು ಬ್ಯಾಗು. ಅವನಮ್ಮ ತುಪ್ಪ, ಧಾರವಾಡ ಪೇಢಾ, ಕೊಬ್ಬರಿ, ಕರಿಬೇವು ಎಂದು ಪಟ್ಟಿ ಮಾಡಿದ್ದಾಳೆ. ಎಲ್ಲ ಬಿಡುತ್ತಾರೆಯೇ?
— ತಂದೆ, ಠಾಣೆ

ಉತ್ತರ: ನೀವು ಹೆಸರಿಸಿದ ನಾಲ್ಕೂ ಹೋಗುವುದಿಲ್ಲ. ಭಾರತದಿಂದ ಹಾಲಿನ ಪದಾರ್ಥಗಳನ್ನು ಬ್ಯಾಗಿನಲ್ಲಿ ಒಯ್ಯಲು ಬ್ರಿಟನ್ನಾಗಲಿ ಯೂರೋಪಿಯನ್ ಒಕ್ಕೂಟವಾಗಲಿ ಬಿಡುವುದಿಲ್ಲ, ತುಪ್ಪ ಪೇಢಾ ಎರಡೂ ಅದರಲ್ಲಿ ಬಂದವು. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಒಂದು ಕಟ್ಟು ಸೊಪ್ಪಿಗೆ ಯಾರೂ ಅದನ್ನು ಮಾಡಿಸುವುದಿಲ್ಲ. ಕೊಬ್ಬರಿಯನ್ನು ಇಲ್ಲಿಯ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ: ಎಣ್ಣೆಯಂಶದಿಂದ ತಾನಾಗಿ ಕಾದು ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಒಣ ತೆಂಗಿನ ತುರಿ ಅಲ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತದೆ.

ಹಾಗಾಗಿ ಹುಳಿಪುಡಿ, ಸಾರಿನಪುಡಿಗಳನ್ನು ಕೊಬ್ಬರಿ ಹಾಕದೆ ಮಾಡಿ. ಕೊಬ್ಬರಿ ಹಾಕಿದ ಪುಡಿ ಎರಡು ತಿಂಗಳಲ್ಲಿ ಕಮಟುತ್ತದೆ ಕೂಡ. ಒಬ್ಬನ ಸಾರಿಗೆ ಒಂದು ಚಮಚ, ಅಂದರೆ 5 ಗ್ರಾಂ. ವಾರಕ್ಕೆ ನಾಲ್ಕು ಸಲ ಎಂದರೂ ಮೂರು ತಿಂಗಳಿಗೆ 260 ಗ್ರಾಂ. ಅಮ್ಮಂದಿರು ಎರಡು ಕಿಲೋ ಕಟ್ಟುತ್ತಾರೆ, ಅರ್ಧ ಬಣ್ಣಗೆಟ್ಟು ಕಸಕ್ಕೆ ಹೋಗುತ್ತದೆ. ಕರಿಬೇವನ್ನು ನೆರಳಲ್ಲಿ ಒಣಗಿಸಿ ಹುರಿದು ಚಟ್ನಿಪುಡಿಗೆ ಸೇರಿಸಿ. ದುಬೈ ಅಥವಾ ಅಬುಧಾಬಿ ಮೂಲಕ ಹೋಗುವುದಿದ್ದರೆ ಗಸಗಸೆ ಬೇಡವೇ ಬೇಡ, ಆ ದೇಶದಲ್ಲಿ ಅದು ನಿಷಿದ್ಧ ಮಾದಕವಸ್ತು. ಬಿಸಿಬೇಳೆಬಾತ್ ಪುಡಿಗೆ ಗಸಗಸೆ ಹಾಕುವ ಮನೆಗಳವರು ನೆನಪಿಡಬೇಕು. ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿನಲ್ಲಿ, ಎಣ್ಣೆ ಸೋರದ ಹಾಗೆ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ.

ಉಳಿದ ತೂಕದಲ್ಲಿ ಬಳಸಿದ ಒಂದು ಕೌದಿ ಹಾಕಿ. ಮುಂಬಯಿಯಲ್ಲಿ ಗೋಧಡಿ ಎನ್ನುತ್ತೀರಲ್ಲ, ಅದೇ. ಹೊಸ ಹೊದಿಕೆಗೆ ಮನೆಯ ವಾಸನೆ ಇರುವುದಿಲ್ಲ. ಜ್ವರ ಬಂದ ರಾತ್ರಿ ಅದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ಮಡಗಾಂವ್‌ನವಳು, ಈಗ ಮ್ಯೂನಿಕ್‌ನಲ್ಲಿ ಓದುತ್ತಿದ್ದೇನೆ. ಮನೆಯೂಟ ಮಾಡಿಕೊಂಡರೆ ಬೇಸರ ಕಡಿಮೆಯಾಗುತ್ತದೆ ಎನ್ನುತ್ತಾರೆ. ನನ್ನ ಅಡುಗೆಯಿಂದ ಬೇಸರ ಜಾಸ್ತಿಯಾಗುತ್ತಿದೆ. ತೊಗರಿಬೇಳೆ ಎಷ್ಟು ಹೊತ್ತು ಬೇಯಿಸಿದರೂ ಕಾಳಾಗಿಯೇ ಉಳಿಯುತ್ತದೆ, ಮೊಸರು ಹೆಪ್ಪಾಗುವುದಿಲ್ಲ, ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ.
— ವಿದ್ಯಾರ್ಥಿನಿ

ಉತ್ತರ: ಇವು ಮೂರೂ ನಿಮ್ಮ ಕೈಗುಣದ ದೋಷಗಳಲ್ಲ.

ಮ್ಯೂನಿಕ್‌ನ ನೀರು ಗಡಸು. ಅದರಲ್ಲಿರುವ ಸುಣ್ಣದಂಶ ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಬಿಗಿ ಮಾಡುತ್ತದೆ. ಹುಳಿಯೂ ಅದೇ ಕೆಲಸ ಮಾಡುತ್ತದೆ. ಅರ್ಧ ಕಪ್ ಬೇಳೆಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಆ ನೀರು ಚೆಲ್ಲಿ. ಒಂದೂವರೆ ಕಪ್ ಹೊಸ ನೀರು, ಅರಿಸಿನ, ಒಂದು ಚಮಚ ಎಣ್ಣೆ, ಎರಡು ಬೆರಳಿಗೆ ಸಿಕ್ಕಷ್ಟು ಅಡುಗೆ ಸೋಡಾ ಹಾಕಿ ಕುಕ್ಕರಿನಲ್ಲಿ ಬೇಯಿಸಿ. ಸೋಡಾ ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ. ಟೊಮೇಟೊ, ಹುಣಸೆ, ನೀವು ಗೋವಾದಿಂದ ಒಯ್ದ ಕೋಕಂ, ಎಲ್ಲ ಬೇಳೆ ಮೆತ್ತಗಾದ ಮೇಲೆಯೇ. ಅಲ್ಲಿಯ ವಿದ್ಯುತ್ ಒಲೆಯ ತಟ್ಟೆ ಆಫ್ ಮಾಡಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುತ್ತದೆ. ನಮ್ಮ ಗ್ಯಾಸ್ ಅಭ್ಯಾಸದಲ್ಲಿ ಗುಂಡಿ ತಿರುಗಿಸಿ ಸುಮ್ಮನಾದರೆ ತಳ ಹಿಡಿಯುತ್ತದೆ, ಕುಕ್ಕರನ್ನು ತಟ್ಟೆಯಿಂದ ಪಕ್ಕಕ್ಕೆ ಸರಿಸಿ. ಇಂಡಕ್ಷನ್ ಒಲೆಯಾಗಿದ್ದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಇಷ್ಟೆಲ್ಲ ಬೇಡವೆನಿಸಿದ ದಿನ ಮಸೂರ್ ಬೇಳೆ ತನ್ನಿ. ‘ರೋಟೆ ಲಿನ್ಸೆನ್’ ಎಂಬ ಹೆಸರಿನಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದೆ, ಕುಕ್ಕರ್ ಇಲ್ಲದೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಬೇಯುತ್ತದೆ, ಸಾರಿಗೆ ಏನೂ ಕೊರತೆಯಾಗುವುದಿಲ್ಲ.

ಅಲಾರಂ ಕೂಗಿಸುವುದು ಹೆಚ್ಚಾಗಿ ಸಾಸಿವೆಯಲ್ಲ, ಸೀದ ಮೆಣಸಿನಕಾಯಿ. ಒಲೆಯ ಗುಂಡಿ ಒಂಬತ್ತರಲ್ಲಿ ಆರಕ್ಕೆ ಇರಲಿ. ಎಣ್ಣೆಗೆ ಎರಡು ಕಾಳು ಸಾಸಿವೆ ಹಾಕಿ ನೋಡಿ, ಅವು ಸಿಡಿದರೆ ಉಳಿದದ್ದು ಹಾಕಿ ಮುಚ್ಚಳ ಮುಚ್ಚಿ. ಸಿಡಿಯುವುದು ನಿಂತ ಮೇಲೆ ಬಾಣಲೆಯನ್ನು ಒಲೆಯಿಂದ ಇಳಿಸಿ, ಆಮೇಲೆ ಮೆಣಸಿನಕಾಯಿ, ಇಂಗು, ಕರಿಬೇವು. ಎಣ್ಣೆಯ ಕಾವೇ ಸಾಕು. ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನು ಹಾಕಿ, ಕಿಟಕಿ ತೆರೆಯಿರಿ, ಕಾರಿಡಾರಿನ ಕಡೆಯ ಬಾಗಿಲು ಮುಚ್ಚಿ. ಸೆನ್ಸರ್ ಬಹಳ ಕಡೆ ಕಾರಿಡಾರಿನಲ್ಲಿರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವ ಜಾಣತನ ಮಾತ್ರ ಬೇಡ.

ಮೊಸರಿಗೆ ಬೇಕಾದದ್ದು 43 ಡಿಗ್ರಿ ಸುತ್ತಮುತ್ತಲ ಕಾವು. ನಿಮ್ಮ ಕೋಣೆಯ 20 ಡಿಗ್ರಿಯಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಮಲಗಿಬಿಡುತ್ತದೆ. ಅರ್ಧ ಲೀಟರ್ ಪೂರ್ಣ ಕೆನೆಯ ಹಾಲು ಕಾಯಿಸಿ, ಕಿರುಬೆರಳು ಅದ್ದಿ ಹತ್ತು ಎಣಿಸುವಷ್ಟು ತಾಳಬಹುದಾದ ಬಿಸಿಗೆ ಬಂದಾಗ ಒಂದು ದೊಡ್ಡ ಚಮಚ ಸಾದಾ ‘ನಾಟೂರ್‌ಯೋಗರ್ಟ್’ ಕದಡಿ. ಹಣ್ಣು, ಸಕ್ಕರೆ ಸೇರಿಸಿದ ಡಬ್ಬಿ ಹೆಪ್ಪಿಗೆ ಬೇಡ. ಓವನ್ನನ್ನು 50 ಡಿಗ್ರಿಗೆ ಎರಡು ನಿಮಿಷ ಕಾಯಿಸಿ ಆಫ್ ಮಾಡಿ, ಒಳಗಿನ ದೀಪ ಉರಿಯಲು ಬಿಟ್ಟು, ಪಾತ್ರೆಗೆ ಟವೆಲ್ ಸುತ್ತಿ ಇಡಿ. ಎಂಟರಿಂದ ಹತ್ತು ಗಂಟೆ ಅಲುಗಾಡಿಸಬೇಡಿ. ಓವನ್ ಎಲ್ಲರದೂ ಆದ್ದರಿಂದ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಚೀಟಿ ಇಲ್ಲದೆ ಯಾರೋ 200 ಡಿಗ್ರಿಗೆ ಪಿಜ್ಜಾ ಕಾಯಿಸಲು ಹಾಕಿ ಮೊಸರಿನ ಪಾತ್ರೆ ಸುಟ್ಟ ಕತೆಗಳು ಬೇಕಾದಷ್ಟಿವೆ.

ಅನ್ನ ಮಿಕ್ಕರೆ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ, ಮರುದಿನವೇ ಮುಗಿಸಿ. ಹೊರಗೆ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ.

ಕೊನೆಗೆ, ಇದನ್ನು ಕೋಣೆಯೊಳಗೆ ಒಬ್ಬರೇ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಮಾಡಿಕೊಂಡರೆ ಹೊಟ್ಟೆ ತುಂಬುತ್ತದೆ, ಬೇಸರ ಹಾಗೇ ಉಳಿಯುತ್ತದೆ. ಡೊಂಬಿವಲಿಯ ತಾಯಿಗೆ ಬರೆದದ್ದನ್ನು ಓದಿ: ಏಳು ಗಂಟೆ, ಸಾಮಾನ್ಯ ಅಡುಗೆಮನೆ.

ಪ್ರಶ್ನೆ: ಮನೆಯಲ್ಲಿ ತುಳು, ಓದಿದ್ದು ಕನ್ನಡ, ಗೆಳೆಯರ ಜೊತೆ ಮರಾಠಿ, ಹಿಂದಿ. ಮುಂಬಯಿಯ ಮುಲುಂಡ್ ಬಿಟ್ಟು ಬಂದು ವರ್ಷವಾಗುತ್ತಾ ಬಂತು. ಇಲ್ಲಿಯ ಕನ್ನಡ ಕೂಟಕ್ಕೆ ಹೋದರೆ ‘ಬೆಂಗಳೂರಲ್ಲಿ ಎಲ್ಲಿ?’ ಎನ್ನುತ್ತಾರೆ. ಮರಾಠಿ ಮಂಡಳದಲ್ಲಿ ಅಡ್ಡಹೆಸರು ಕೇಳಿ ಸುಮ್ಮನಾಗುತ್ತಾರೆ. ಗಣಪತಿಯ ಹನ್ನೊಂದು ದಿನ ಕೋಣೆಯಲ್ಲೇ ಕೂತಿದ್ದೆ.
— ವಿದ್ಯಾರ್ಥಿ, ಸದ್ಯ ಬರ್ಮಿಂಗ್‌ಹ್ಯಾಮ್

ಉತ್ತರ: ನಿಮಗೆ ಬೇಕಾಗಿರುವುದು ಕರ್ನಾಟಕವೂ ಅಲ್ಲ, ಮಹಾರಾಷ್ಟ್ರವೂ ಅಲ್ಲ, ಮುಲುಂಡ್. ಅದಕ್ಕೆ ಸಂಘ ಯಾರೂ ಕಟ್ಟಿಲ್ಲ. ಒಂದು ಹಾಳೆಯಲ್ಲಿ ಏನೇನು ನೆನಪಾಗುತ್ತದೆ ಎಂದು ವಸ್ತುವಿವರವಾಗಿ ಬರೆಯಿರಿ: ಸ್ಟೇಷನ್ ಹೊರಗಿನ ವಡಾಪಾವ್, ರಾತ್ರಿ ಹನ್ನೊಂದಕ್ಕೂ ತೆರೆದಿರುವ ಅಂಗಡಿ, ಹೆಸರು ಹಿಡಿದು ಕೂಗುವ ನೆರೆಯವರು, ಯಕ್ಷಗಾನದ ಚೆಂಡೆ. ಪಕ್ಕದಲ್ಲಿ ಇದರಲ್ಲಿ ಯಾವುದು ಅಲ್ಲಿ ಸಿಗಬಹುದು ಎಂದು ಬರೆಯಿರಿ. ‘ಊರು ನೆನಪಾಗುತ್ತಿದೆ’ ಎಂಬ ದೊಡ್ಡ ಮಾತಿಗೆ ಪರಿಹಾರವಿಲ್ಲ, ವಡಾಪಾವಿಗೆ ಇದೆ.

ಎರಡೂ ಸಂಘಕ್ಕೆ ಹೋಗಿ, ಆದರೆ ಕಾರ್ಯಕ್ರಮಕ್ಕೆ ಒಂದು ಗಂಟೆ ಮುಂಚೆ. ಕುರ್ಚಿ ಜೋಡಿಸುವವನನ್ನು, ಪಾಯಸ ಬಡಿಸುವವನನ್ನು ಯಾರೂ ಊರು ಕೇಳುವುದಿಲ್ಲ, ಮುಂದಿನ ಸಲ ಫೋನ್ ಮಾಡಿ ಕರೆಯುತ್ತಾರೆ. ಪ್ರೇಕ್ಷಕನಾಗಿ ಹೋಗಿ ಬಂದವನಿಗೆ ಆರು ಸಲವಾದರೂ ಪರಿಚಯ ಹುಟ್ಟುವುದಿಲ್ಲ.

ಸ್ನೇಹಕ್ಕೆ ಗಂಟೆಗಳ ಲೆಕ್ಕವಿದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗಟ್ಟಿ ಸ್ನೇಹಕ್ಕೆ 200 ಗಂಟೆಯ ಮೇಲೆ ಒಡನಾಟ ಬೇಕು. ವಾರಕ್ಕೆ ಎರಡು ಗಂಟೆ ಕಂಡರೆ ಮೊದಲ ಮೆಟ್ಟಿಲಿಗೇ 25 ವಾರ. ವರ್ಷವಾದರೂ ಗೆಳೆಯರಿಲ್ಲ ಎಂದು ಕೊರಗುವವರು ಈ ಲೆಕ್ಕ ಮಾಡಿರುವುದಿಲ್ಲ. ಹತ್ತು ಕಡೆ ಒಂದೊಂದು ಸಲ ಮುಖ ತೋರಿಸುವ ಬದಲು, ಅದೇ ಎಂಟು ಹತ್ತು ಜನ ವಾರಕ್ಕೆ ಎರಡು ಸಲ ಸೇರುವ ಒಂದೇ ಕಡೆ ನಿಲ್ಲಿ. ಕ್ರಿಕೆಟ್ ನೆಟ್ಸ್ ಆಗಬಹುದು, ಬ್ಯಾಡ್ಮಿಂಟನ್ ಆಗಬಹುದು. ನೀವು ನಾಲ್ಕು ಭಾಷೆ ಆಡುವವರು, ಹೊಸ ಗುಂಪಿಗೆ ಹೊಂದಿಕೊಳ್ಳುವುದು ನಿಮಗೆ ಬಾಲ್ಯದ ಅಭ್ಯಾಸ.

ಹಬ್ಬವನ್ನು ಸಂಘಗಳು ಅನುಕೂಲದ ಶನಿವಾರಕ್ಕೆ ತಳ್ಳುತ್ತವೆ. ಚೌತಿಯ ದಿನವೇ ಬೇಸರ ಕಾಡುವುದು ಅದಕ್ಕೇ. ಅಂದು ಸ್ನಾನ ಮಾಡಿ ಹದಿನೈದು ನಿಮಿಷದ ನಿಮ್ಮದೇ ಪೂಜೆ ಇಟ್ಟುಕೊಳ್ಳಿ, ದೀಪ ಮಾತ್ರ ಬ್ಯಾಟರಿಯದು. ವಿದ್ಯಾರ್ಥಿ ನಿಲಯಗಳಲ್ಲಿ ಬತ್ತಿ, ಊದುಬತ್ತಿ ಹಚ್ಚಲು ಸಾಮಾನ್ಯವಾಗಿ ಬಿಡುವುದಿಲ್ಲ.

ಪ್ರಶ್ನೆ: ಪುಣೆಯವಳು. ಜನವರಿ ಮೊದಲ ವಾರ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗುತ್ತಿದ್ದೇನೆ. ಅಲ್ಲಿ ಕತ್ತಲೆಯಿಂದಲೇ ಖಿನ್ನತೆ ಬರುತ್ತದೆ ಎಂದು ಹೆದರಿಸುತ್ತಿದ್ದಾರೆ.
— ಕೋಥ್ರೂಡ್

ಉತ್ತರ: ಹೆದರಿಸುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ನೀವು ಇಳಿಯುವ ವಾರ ಅಲ್ಲಿ ಸೂರ್ಯ ಬೆಳಗ್ಗೆ ಸುಮಾರು 8.45ಕ್ಕೆ ಹುಟ್ಟಿ ಸಂಜೆ 4ರ ಆಸುಪಾಸಿನಲ್ಲಿ ಮುಳುಗುತ್ತಾನೆ. ಪುಣೆಯ ಹನ್ನೊಂದು ಗಂಟೆಯ ಹಗಲಿನಿಂದ ಏಳು ಗಂಟೆ ಚಿಲ್ಲರೆಗೆ ಇಳಿಯುತ್ತೀರಿ. ಆದರೆ ನೀವು ತಲುಪುವುದು ಹಗಲು ಬೆಳೆಯುವ ಕಾಲಕ್ಕೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮುಂದೆ ಸರಿದ ಮೇಲೆ ಸಂಜೆ ಏಳೂವರೆಗೂ ಬೆಳಕಿರುತ್ತದೆ. ಸೆಪ್ಟೆಂಬರಿನಲ್ಲಿ ಹೋದವರು ಕತ್ತಲೆಯ ಕಡೆಗೆ ನಡೆಯುತ್ತಾರೆ, ನೀವು ಬೆಳಕಿನ ಕಡೆಗೆ. ಜನವರಿಯ ನಿಜವಾದ ತೊಂದರೆ ಬೇರೆ: ಉಳಿದವರ ಗುಂಪುಗಳು ಸೆಪ್ಟೆಂಬರಿನಲ್ಲೇ ಕಟ್ಟಿಕೊಂಡಿರುತ್ತವೆ. ಮೊದಲ ಹತ್ತು ದಿನದಲ್ಲೇ ಒಂದು ಕ್ಲಬ್ಬಿಗೆ ಹೆಸರು ಕೊಡಿ.

ಬೆಳಕಿಗೆ: ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡವಿದ್ದರೂ. ಮೋಡದ ಬಯಲಿನ ಬೆಳಕೂ ಕೋಣೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್. ಚಳಿಗಾಲದಲ್ಲಿ ಅಲ್ಲಿಯ ಆರೋಗ್ಯ ಇಲಾಖೆ ಎಲ್ಲರಿಗೂ ಹೇಳುವ ಪ್ರಮಾಣ ಇದು. ಇಲ್ಲಿ ವಾರಕ್ಕೊಮ್ಮೆ ಕೊಡುವ 60,000 ಯೂನಿಟ್ಟಿನ ಪುಡಿಯನ್ನು ರಕ್ತ ಪರೀಕ್ಷೆಯಿಲ್ಲದೆ ಕಟ್ಟಿಕೊಂಡು ಹೋಗಬೇಡಿ. ಲೈಟ್ ಬಾಕ್ಸ್, ಅಂದರೆ ಹಗಲಿನಂಥ ಪ್ರಖರ ಬೆಳಕಿನ ದೀಪ, ಕೊಳ್ಳುವುದಾದರೆ 10,000 ಲಕ್ಸ್‌ನದು: ಎದ್ದ ಒಂದು ಗಂಟೆಯೊಳಗೆ 30 ನಿಮಿಷ, ಮುಖದ ಎದುರು ಸ್ವಲ್ಪ ಓರೆಯಾಗಿ, ತಯಾರಕರು ಹೇಳಿದ ಅಂತರದಲ್ಲಿ. ದಿಟ್ಟಿಸಿ ನೋಡಬಾರದು. ಸಂಜೆ ಹಾಕಿದರೆ ನಿದ್ದೆ ಕೆಡುತ್ತದೆ. ಕಣ್ಣಿನ ಕಾಯಿಲೆ, ಬೈಪೋಲಾರ್ (ಮನಸ್ಸಿನ ವಿಪರೀತ ಏರಿಳಿತದ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಚಳಿಗಾಲದ ಖಿನ್ನತೆಗೆ 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಪ್ರತ್ಯೇಕ ಲಕ್ಷಣಪಟ್ಟಿ ಕೊಟ್ಟರು: ವಿಪರೀತ ನಿದ್ದೆ, ಸಿಹಿ ಮತ್ತು ಹಿಟ್ಟಿನ ಪದಾರ್ಥಗಳ ಆಸೆ, ತೂಕ ಏರುವುದು. ಮನೆಯ ಹಂಬಲದಲ್ಲಿ ಹೆಚ್ಚಾಗಿ ಊಟವೇ ಸೇರುವುದಿಲ್ಲ. ಎರಡರ ಮದ್ದೂ ಬೇರೆ. ಇಳಿದ ವಾರವೇ ಹತ್ತಿರದ ಜಿ.ಪಿ. (ಸಾಮಾನ್ಯ ವೈದ್ಯರ) ಕ್ಲಿನಿಕ್ಕಿನಲ್ಲಿ ಹೆಸರು ನೋಂದಾಯಿಸಿ. ವೀಸಾ ಜೊತೆ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ, ಸ್ಕಾಟ್ಲೆಂಡಿನಲ್ಲಿ ವೈದ್ಯರು ಬರೆದುಕೊಟ್ಟ ಔಷಧಕ್ಕೂ ದುಡ್ಡಿಲ್ಲ. ಕಾಯಿಲೆ ಬಿದ್ದ ಮೇಲೆ ನೋಂದಣಿಗೆ ಓಡುವುದು ಕಷ್ಟ.

ಪ್ರಶ್ನೆ: ಮಗ ಅಮೆರಿಕದಲ್ಲಿ ಎಂ.ಎಸ್. ಮೊದಲ ವರ್ಷ. ಮೂರು ವಾರದಿಂದ ಕ್ಲಾಸಿಗೆ ಹೋಗುತ್ತಿಲ್ಲವೆಂದು ರೂಮ್‌ಮೇಟ್ ಹೇಳಿದ. ಸ್ನಾನವಿಲ್ಲ, ಹಗಲು ನಿದ್ದೆ. ಮೊನ್ನೆ ‘ಎಲ್ಲ ಸಾಕಾಗಿದೆ ಅಪ್ಪಾ, ನನ್ನಿಂದ ನಿಮಗೆ ಭಾರ’ ಎಂದ. ಊರ ನೆನಪು, ಸರಿಹೋಗುತ್ತದೆ ಎಂದು ಬಿಡಬಹುದೇ?
— ತಂದೆ, ನಿಗಡಿ, ಪುಣೆ

ಉತ್ತರ: ಬಿಡಬಾರದು. ಈ ಉತ್ತರ ಅಚ್ಚಾಗುವ ಮೊದಲೇ ನಿಮಗೆ ಪ್ರತ್ಯೇಕವಾಗಿ ಬರೆದಿದ್ದೇವೆ. ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲಿ ಮತ್ತೆ ಹೇಳುತ್ತೇವೆ.

ಮನೆಯ ಹಂಬಲ ಹೊತ್ತು ನೋಡಿ ಬರುತ್ತದೆ ಎಂದೆವು. ನಡುವೆ ಬಿಡುವು ಕೊಡುತ್ತದೆ, ಗೆಳೆಯರು ಬಂದರೆ ನಗುತ್ತಾರೆ. ಎರಡು ವಾರ ಸತತವಾಗಿ ಹೆಚ್ಚು ಕಡಿಮೆ ದಿನವಿಡೀ ಇದ್ದು, ನಿದ್ದೆ, ಊಟ, ಸ್ನಾನ, ಓದು ಎಲ್ಲವನ್ನೂ ಕೆಡಿಸಿದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ‘ಭಾರವಾಗಿದ್ದೇನೆ’ ಎಂಬ ಮಾತು ಬಂದರೆ ಎರಡು ವಾರ ಎಣಿಸುತ್ತಾ ಕೂರಬಾರದು.

ನೇರವಾಗಿ ಕೇಳಿ: ‘ಸಾಯುವ ಯೋಚನೆ ಬರುತ್ತಿದೆಯಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಬೈಗುಳ, ಸಾಲದ ಮಾತು, ‘ನಿನ್ನ ವಯಸ್ಸಿನಲ್ಲಿ ನಾವು’ ಇವು ಬೇಡ. ಹೌದೆಂದರೆ ರೂಮ್‌ಮೇಟ್ ಜೊತೆಯಲ್ಲಿರಲಿ, ಮಗನೋ ಅವನೋ ಅಲ್ಲಿಯ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಅಥವಾ ಮೆಸೇಜ್ ಮಾಡಲಿ. ಪ್ರಾಣಕ್ಕೆ ಕೂಡಲೇ ಅಪಾಯವಿದ್ದರೆ ತುರ್ತು ಸೇವೆಯ 911. ಭಾರತದಿಂದ ಈ ಸಂಖ್ಯೆಗಳು ಹತ್ತುವುದಿಲ್ಲ. ನಿಮ್ಮ ಬಳಿ ಇರಬೇಕಾದದ್ದು ಕ್ಯಾಂಪಸ್ ಪೊಲೀಸರ ಹತ್ತು ಅಂಕಿಯ ದೂರವಾಣಿ, ಮಗನ ಪೂರ್ತಿ ವಿಳಾಸ ಅಪಾರ್ಟ್‌ಮೆಂಟ್ ಸಂಖ್ಯೆ ಸಹಿತ, ರೂಮ್‌ಮೇಟ್ ನಂಬರು. ‘ವೆಲ್‌ಫೇರ್ ಚೆಕ್’ ಬೇಕು ಎಂದರೆ ಅವರು ಕೋಣೆಗೆ ಹೋಗಿ ನೋಡುತ್ತಾರೆ. ಮಕ್ಕಳು ವಿಮಾನ ಹತ್ತಿದ ವಾರವೇ ಇವನ್ನು ಬರೆದಿಟ್ಟುಕೊಳ್ಳುವ ಮನೆಗಳು ಕಡಿಮೆ.

ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದರೆ ‘ಮಾಹಿತಿ ಕೊಡಲಾಗದು’ ಎನ್ನಬಹುದು, ಅಲ್ಲಿ ವಿದ್ಯಾರ್ಥಿಯ ದಾಖಲೆ ಅವನ ಖಾಸಗಿ ಸ್ವತ್ತು. ಸಿಟ್ಟಾಗಬೇಡಿ. ಅವರು ಹೇಳದಿದ್ದರೂ ನೀವು ಹೇಳುವುದನ್ನು ಕೇಳಿಸಿಕೊಂಡು ಕ್ರಮ ಕೈಗೊಳ್ಳಬಹುದು. ‘ಡೀನ್ ಆಫ್ ಸ್ಟೂಡೆಂಟ್ಸ್’ ಕಚೇರಿಗೆ ನಿಮ್ಮ ಆತಂಕವನ್ನು ಇಮೇಲಿನಲ್ಲಿ ಬರೆದು ಕಳಿಸಿ.

ಓದು ನಿಲ್ಲಿಸುವ ಮಾತು ಬಂದರೆ ಕ್ಲಾಸು ಬಿಡುವ ಮೊದಲೇ ವಿದೇಶಿ ವಿದ್ಯಾರ್ಥಿಗಳ ಅಧಿಕಾರಿಯನ್ನು, ಅಲ್ಲಿ ಡಿ.ಎಸ್.ಒ. ಎನ್ನುತ್ತಾರೆ, ಕಾಣಬೇಕು. ವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಪತ್ರವಿದ್ದರೆ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಒಂದು ಪದವಿ ಹಂತಕ್ಕೆ ಒಟ್ಟು 12 ತಿಂಗಳವರೆಗೆ ಕಡಿಮೆ ವಿಷಯ ತೆಗೆದುಕೊಳ್ಳಲು, ಅಥವಾ ಒಂದನ್ನೂ ತೆಗೆದುಕೊಳ್ಳದಿರಲು ಅವಕಾಶವಿದೆ. ಹೇಳದೆ ಗೈರಾದರೆ ವೀಸಾ ಸ್ಥಿತಿಯೇ ಹೋಗುತ್ತದೆ. ಆಗ ಒಂದು ಸಂಕಟ ಎರಡಾಗುತ್ತದೆ.

ನಿಮಗೂ ಮಾತಾಡಲು ಯಾರಾದರೂ ಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಸಂಖ್ಯೆ 14416, ದಿನದ 24 ಗಂಟೆ ಉಚಿತ. ಭಾಷೆ ಆರಿಸುವಾಗ ಕನ್ನಡವೂ ಇದೆ, ಮರಾಠಿಯೂ ಇದೆ.

ಪ್ರಶ್ನೆ: ವಾಸ್ಕೋದವನು, ಜರ್ಮನಿಯಲ್ಲಿ ಮೊದಲ ಸೆಮಿಸ್ಟರ್. ಕ್ರಿಸ್‌ಮಸ್ ರಜೆಗೆ ಗೋವಾಕ್ಕೆ ಬಂದುಹೋಗಲೇ?
— ವಿದ್ಯಾರ್ಥಿ

ಉತ್ತರ: ನಮ್ಮ ಮತ ಬೇಡವೆಂದು. ರಜೆ ಎರಡು ವಾರ, ಟಿಕೆಟ್ ವರ್ಷದಲ್ಲೇ ದುಬಾರಿ, ಫೆಬ್ರವರಿಯಲ್ಲಿ ಪರೀಕ್ಷೆ. ಅಲ್ಲಿ ಈಗಷ್ಟೇ ಕೂರುತ್ತಿರುವ ದಿನಚರಿ ಗೋವಾದ ಡಿಸೆಂಬರಿನಲ್ಲಿ ಕರಗಿ, ಜನವರಿಯಲ್ಲಿ ಮೊದಲಿಂದ ಶುರುಮಾಡಬೇಕಾಗುತ್ತದೆ. ಆದರೆ ರಜೆಯಲ್ಲಿ ಖಾಲಿ ಹಾಸ್ಟೆಲ್ಲಿನಲ್ಲಿ ಒಬ್ಬರೇ ಉಳಿಯಬೇಡಿ. 24ರ ಮಧ್ಯಾಹ್ನದಿಂದ 26ರವರೆಗೆ ಅಂಗಡಿಗಳೂ ಇರುವುದಿಲ್ಲ. ಊರಿಗೆ ಹೋಗದ ಇತರ ವಿದ್ಯಾರ್ಥಿಗಳನ್ನು ಡಿಸೆಂಬರ್ ಮೊದಲ ವಾರವೇ ಹುಡುಕಿಟ್ಟುಕೊಳ್ಳಿ, ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯಲ್ಲೂ ಕೇಳಿ.

ಪರೀಕ್ಷೆ ಮುಗಿದ ಮೇಲೆ, ಮಾರ್ಚ್‌ನಲ್ಲಿ ಬನ್ನಿ. ಬೇಸಿಗೆ ಸೆಮಿಸ್ಟರಿನ ಕ್ಲಾಸು ಸಾಮಾನ್ಯವಾಗಿ ಏಪ್ರಿಲ್ ಮಧ್ಯದವರೆಗೆ ಇರುವುದಿಲ್ಲ. ಟಿಕೆಟ್ ಈಗಲೇ ತೆಗೆದು ದಿನಾಂಕ ಗೋಡೆಗೆ ಅಂಟಿಸಿ. ವಾಪಸ್ ಹೋಗುವಾಗ ಅಲ್ಲಿ ಗುರುವಾರವೋ ಶುಕ್ರವಾರವೋ ಇಳಿಯುವ ವಿಮಾನ ಆರಿಸಿ. ಭಾನುವಾರ ಇಳಿದರೆ ಅಂಗಡಿ ಮುಚ್ಚಿರುತ್ತದೆ, ಫ್ರಿಜ್ಜಿನಲ್ಲಿ ಏನೂ ಇರುವುದಿಲ್ಲ, ಹೊತ್ತೂ ಸಂಜೆಯೇ ಆಗಿರುತ್ತದೆ.